ಒಂದು ದೀನಾರ, ಕಾಲು ಕಮ್ಮಿ

ಮ್ಯಾಂಚೆಸ್ಟರಿನ ಡೀನ್ಸ್‌ಗೇಟ್ ಬೀದಿ, ಗ್ರಂಥಾಲಯದ ನೆಲಮಾಳಿಗೆ.
ಇಲ್ಲಿ ನನ್ನ ಕೆಲಸ ಹಳೇ ಕಾಗದಗಳ ಶುಶ್ರೂಷೆ.
ಇವತ್ತಿನ ರೋಗಿ ಅಂಗೈಯಗಲದ ಪಪೈರಸ್ ಚೂರು,
ಈಜಿಪ್ಟಿನದು, ಸಾವಿರದ ನೂರು ವರ್ಷದ್ದು,
ಒಂದು ಮೂಲೆ ಗೆದ್ದಲಿಗೆ ಸಂದಿದೆ.
ಮೆದು ಕುಂಚ, ಎಳೆ ಹಬೆ, ಗಂಜಿ ಸವರಿದ ಜಪಾನೀ ಕಾಗದ.
ಉಸಿರು ಜೋರಾಗಿ ಬಿಟ್ಟರೆ
ಒಂದಕ್ಷರ ಹಾರಿಹೋದೀತು.

ನವಾಲ್ ಬಗ್ಗಿ ಓದುತ್ತಾಳೆ, ಕೈರೋದವಳು,
ಬೆರಳು ಚೂರಿನಿಂದ ಒಂದಿಂಚು ಮೇಲೆ:
"ದಯಾಮಯನ ಹೆಸರಿನಲ್ಲಿ.
ಪಿಶೋಯನ ಮಗ ಪಪ್ನೂಟೆ, ನೇಕಾರ,
ಈ ವರ್ಷದ ತಲೆಗಂದಾಯ ಸಲ್ಲಿಸಿದ್ದಾನೆ,
ಒಂದು ದೀನಾರ, ಕಾಲು ಕಮ್ಮಿ.
ನಡುವಯಸ್ಸು. ಗೋಧಿಬಣ್ಣ.
ಎಡಹುಬ್ಬಿನ ಮೇಲೆ ಗಾಯದ ಗುರುತು."

ಗಾಯ ಹೇಗಾಯಿತೆಂದು ಬರೆದಿಲ್ಲ.
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ
ಅವನು ಬರೆದುಕೊಳ್ಳುವುದು ಇಷ್ಟನ್ನೇ.

"ಕಾಲು ಯಾಕೆ ಕಮ್ಮಿ?"
"ಬಡವನಿರಬೇಕು. ಹೆಂಗಸರಿಗೆ, ಮಕ್ಕಳಿಗೆ ಕಂದಾಯವೇ ಇಲ್ಲ.
ಕೊಟ್ಟವನನ್ನು ದಂಡಿಗೆ ಕರೆಯುವಂತಿಲ್ಲ,
ಅವನ ಇಗರ್ಜಿ ಅವನದು.
ದಿಮ್ಮಿಗಳು ಅಂದರೆ ನಮ್ಮ ರಕ್ಷಣೆಯಲ್ಲಿ ಇದ್ದವರು."
ಆ 'ನಮ್ಮ' ಅವಳಿಗೇ ಕೇಳಿಸಿರಬೇಕು.
ಒಣಗಿದ ಕುಂಚವನ್ನು ಇನ್ನೊಮ್ಮೆ ತೊಳೆಯಲು ಹೋದಳು.

ಗುರುವಾರ ಬಂದರು ಬಿಷಾರಾ ಘತ್ತಾಸ್,
ಸಾಲ್ಫರ್ಡಿನಲ್ಲಿ ಮೂವತ್ತು ವರ್ಷ ಔಷಧಿ ಅಂಗಡಿ ಇಟ್ಟಿದ್ದವರು,
ಮಣಿಕಟ್ಟಿನಲ್ಲಿ ಹಚ್ಚೆಯ ಶಿಲುಬೆ, ಮಸುಕು ನೀಲಿ.
ಚೂರಿನ ಬೆನ್ನ ಮೇಲಿನ ಕಾಪ್ಟಿಕ್ ಅವರೊಬ್ಬರೇ ಓದಬಲ್ಲರು.
ಓದುವ ಮುನ್ನ ಮುಂಭಾಗ ನೋಡಿ ಅಂದರು:
"ಕೊಡುವವನು ನಿಂತಿರಬೇಕು, ತಗೊಳ್ಳುವವನು ಕೂತಿರಬೇಕು.
ಕತ್ತಿನ ಮೇಲೊಂದು ಪೆಟ್ಟು. ಅದಕ್ಕೆ ರಸೀತಿ ಇಲ್ಲ.
ಕುದುರೆ ಏರುವಂತಿಲ್ಲ, ಕತ್ತೆಯಾದರೆ ಕಾಲು ಒಂದೇ ಬದಿಗೆ."

"ಎಲ್ಲಾ ಕಡೆಯೂ? ಎಲ್ಲಾ ಕಾಲದಲ್ಲೂ?" ನವಾಲ್ ಕೇಳಿದಳು,
ಜಗಳಕ್ಕಲ್ಲ.
"ಇಲ್ಲಮ್ಮ. ಎಷ್ಟೋ ವರ್ಷ ಏನೂ ಇಲ್ಲ.
ನಮ್ಮವರೇ ಲೆಕ್ಕ ಬರೆದರು, ನಮ್ಮವರೇ ವೈದ್ಯರಾದರು.
ಯಾವ ವರ್ಷ ಹೇಗೆ ಅಂತ
ಮೊದಲೇ ಯಾರೂ ಹೇಳುತ್ತಿರಲಿಲ್ಲ, ಅಷ್ಟೆ."

ಇಬ್ಬರ ನಡುವೆ ನಾನು ಇಕ್ಕಳ ಹಿಡಿದು ಕೂತಿದ್ದೆ.
ಮುದ್ದೇಬಿಹಾಳದ ಕಡೆಯ ನಮ್ಮ ಮುತ್ಯಾ
ಇಡೀ ಊರಿಗೆ ಚಪ್ಪಲಿ ಹೊಲಿದವನು,
ದೇಸಾಯರ ವಾಡೆ ಬಂದರೆ
ತನ್ನ ಜೋಡು ಬಿಚ್ಚಿ ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದ.
ಅವನಿಗೂ ದೇಸಾಯರಿಗೂ ದೇವರು ಒಬ್ಬನೇ, ಹಬ್ಬಗಳೂ ಅವೇ.
ಕಂದಾಯ ಕೊಟ್ಟು ತೀರಿಸಬಹುದಾದ ಸಂಗತಿಯೂ ಅಲ್ಲ ಅದು.
ಬೇಸಗೆಯ ನೆಲ ಕಾದ ಹೆಂಚು.
"ನಡಿ, ನಡಿ, ಸುಡೂದಿಲ್ಲ" ಅನ್ನುತ್ತಿದ್ದ ನನಗೆ.
ಸುಡುತ್ತಿತ್ತು.

ಇದನ್ನು ಅವರಿಗೆ ಹೇಳಲಿಲ್ಲ. ಕೇಳಿದ್ದು ಬರೀ ಆ ಮಾತಿನ ಬಗ್ಗೆ.
ದಿಮ್ಮಾ: ರಕ್ಷಣೆ, ಹೊಣೆ, ಕೊಟ್ಟ ಮಾತು.
ತಟ್ಟನೆ ಹೊಳೆಯಿತು, ಈ ಮಾತು ನನಗೆ ಗೊತ್ತು!
ದೇಸಾಯರ ಎಮ್ಮೆಗಳನ್ನು ಬೆಳಿಗ್ಗೆ ಬಿಡುವಾಗ
ಆಳು ಕೂಗಿ ಹೇಳುತ್ತಿದ್ದ ನನ್ನಪ್ಪನಿಗೆ:
"ಹನ್ನೊಂದದಾವ. ನಿನ್ನ ಜಿಮ್ಮೆ."
ಎಲ್ಲಿಯ ಅರಬ್ಬೀ, ಎಲ್ಲಿಯ ನಮ್ಮ ಹಗೇವಿನ ಓಣಿ,
ದನದ ದೂಳಿನಲ್ಲಿ ನಡೆದೇ ಬಂದಿರಬೇಕು ಅದು.
ಒಂದು ಎಮ್ಮೆ ತಪ್ಪಿದರೂ ಅಪ್ಪನ ಬೆನ್ನು ಬಾಸುಂಡೆ.
ಕಾಯುವವನು ಮೇಲೋ, ಕಾಯಿಸಿಕೊಳ್ಳುವವನು ಮೇಲೋ,
ಆ ಮಾತು ಊರೂರಿಗೆ ಬಣ್ಣ ಬದಲಿಸುತ್ತದೆ.

ಕೊನೆಗೆ ಚೂರನ್ನು ಮಗುಚಿದೆವು, ಮೂವರೂ ಉಸಿರು ಹಿಡಿದು.
ಬೆನ್ನ ಮೇಲೆ ಪಪ್ನೂಟೆಯದೇ ಕೈಬರಹ, ಸೊಟ್ಟ ಸಾಲು.
ಕನ್ನಡಕ ಹಣೆಗೇರಿಸಿ, ಚೂರಿಗೆ ಮೂಗು ತಾಗುವಷ್ಟು ಬಗ್ಗಿ
ಬಿಷಾರಾ ಒಂದೊಂದೇ ಮಾತು ಬಿಡಿಸಿದರು:

ನೂಲು, ಮೂರು ಕಂಡಿಕೆ.
ದೀಪದೆಣ್ಣೆ.
ಪಕ್ಕದ ಮನೆಯ ಯೂಸುಫನಿಗೆ ಕೊಡಬೇಕಾದ್ದು, ಎರಡು.
ಮಗಳಿಗೆ ಜೋಡು.

ಬೆಲೆ ಎಷ್ಟು, ಬಣ್ಣ ಯಾವುದು ಅಂತ ನೋಡಿದೆ.
ಗೆದ್ದಲು ತಿಂದದ್ದು ಆ ಮೂಲೆಯನ್ನೇ.