ಅರ್ಧ ಎಲೆ

ಹುಣಸೂರಿನ ಈ ಶೆಡ್ಡಿನಲ್ಲಿ
ಕೈ ತೊಳೆಯುವುದು ಹಾಲಲ್ಲಿ.
ಹೊಸಬರು ನಗುತ್ತಾರೆ. ನಗಲಿ.
ಬೀಡಿ ಸೇದಿ ಬಂದ ಬೆರಳಿನಿಂದಲೇ
ಹೊಗೆಸೊಪ್ಪಿನ ಸಸಿಗೆ ಹತ್ತುತ್ತದೆ ಮಚ್ಚೆರೋಗ;
ಒಣಗಿದ ಎಲೆಯಲ್ಲಿ ವರ್ಷಗಟ್ಟಲೆ ಕಾದಿದ್ದು
ಉಗುರಿನ ಸಂದಿಯಲ್ಲಿ ಕೂತು ಬರುತ್ತದೆ.
ಕೆನೆ ತೆಗೆದ ಹಾಲು ಅದನ್ನು ಅಲ್ಲೇ ಹಿಡಿದು ಕೂರಿಸುತ್ತದೆ.
ಅರ್ಧ ಲೀಟರು, 'ಕೈಗೆ' ಎಂದು ರಿಜಿಸ್ಟರಿನಲ್ಲಿ ಬರೆಯುತ್ತೇನೆ.
ಆಡಿಟ್‌ನವರು ಪ್ರತಿ ವರ್ಷ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ.

ನಿಂಗಾಜಮ್ಮ ಬರುತ್ತಾಳೆ ಏಳೂವರೆಗೆ,
ಮಡಿಲ ತುಂಬ ಸಂಜೆಮಲ್ಲಿಗೆಯ ಸೊಪ್ಪು, ಬೇರು.
ಹೂವು ಬೇಡ ಅಂದರೂ ನಾಲ್ಕು ಇರುತ್ತವೆ.
ಲಕ್ಷ್ಮಣತೀರ್ಥದ ಕಡೆ, ಅವಳ ಬಚ್ಚಲ ನೀರು ಕುಡಿದು
ಯಾರೂ ನೆಡದೆ ಬೆಳೆದದ್ದು.
ಮಂಜುಗಡ್ಡೆಯ ಮೇಲೆ ಒರಳಿಟ್ಟು ಅರೆದು, ಹಿಂಡಿ, ಸೋಸಿ.

ಎಲೆ ಒಂದೇ, ಕಾಡುಜಾತಿ ಹೊಗೆಸೊಪ್ಪಿನದು.
ನಡುವಿನ ನರ ನಮ್ಮ ಸರಹದ್ದು.
ಎಡಕ್ಕೆ ರೋಗ, ಬರೀ ನೀರಿನ ಜೊತೆ.
ಬಲಕ್ಕೆ ಅದೇ ರೋಗ, ಈ ರಸದ ಜೊತೆ.
ನುಣ್ಣನೆ ಹುಡಿ ಉದುರಿಸಿ ಮೆಲ್ಲಗೆ ಉಜ್ಜಬೇಕು,
ಕೂಸಿನ ಕೆನ್ನೆಗೆ ಪೌಡರ್ ಹಚ್ಚಿದ ಹಾಗೆ.
ಅಷ್ಟು ಗಾಯ ಸಾಕು, ಒಳಹೋಗಲು.

ಮೂರನೆಯ ದಿನ
ಎಡದಲ್ಲಿ ತೊಂಬತ್ತೊಂದು ಕಂದು ಚುಕ್ಕೆ.
ಬಲದಲ್ಲಿ ನಾಲ್ಕು.
ನಿಂಗಾಜಮ್ಮ ಗುಂಡುಪಿನ್ನಿನ ತುದಿಯಿಂದ ಇನ್ನೊಮ್ಮೆ ಎಣಿಸಿ
ಐದು ಅಂದಳು. ಐದೇ ಬರೆದೆ.

"ಅಂತಾದ್ದೇನವ್ವ ಇದೆ ಈ ಸೊಪ್ಪಲ್ಲಿ?"
ಫರ್ಹಾನಾ ಮೇಡಂ ಹೇಳಿಕೊಟ್ಟದ್ದನ್ನು ನನ್ನ ಮಾತಲ್ಲಿ ಹೇಳಿದೆ:
ಒಂದು ಪ್ರೋಟೀನು. ಹೆಚ್ಚಾಗಿ ಅದು ರೋಗವನ್ನು ಹೊಡೆಯುವುದಿಲ್ಲ.
ವೈರಸ್ಸಿಗೆ ಒಲೆಯಿಲ್ಲ, ಪಾತ್ರೆಯಿಲ್ಲ,
ಬರೀ ಒಂದು ಚೀಟಿ ಹಿಡಿದು ಬರುತ್ತದೆ:
ನನ್ನಂಥವರನ್ನು ಮಾಡಿಕೊಡು, ಸಾವಿರಗಟ್ಟಲೆ.
ಎಲೆಯ ಕೋಣೆಯಲ್ಲಿ ಅಡುಗೆಗೆ ನಿಂತದ್ದು ರೈಬೋಸೋಮು;
ಚೀಟಿ ಮನೆಯವರದೋ ಕಳ್ಳನದೋ, ಅದು ಕೇಳುವುದಿಲ್ಲ.
ಆ ಪ್ರೋಟೀನು ಹೋಗಿ ಅದರ ಮೂರು ಸಾವಿರ ಚಿಲ್ಲರೆ ಅಕ್ಷರದಲ್ಲಿ
ಒಂದೇ ಒಂದು ಅ ಕಿತ್ತುಹಾಕುತ್ತದೆ.
ಅಷ್ಟೇ.
ಅಡುಗೆಯಿಂದ ಅ ಕಿತ್ತರೆ ಡುಗೆ.
ಅಕ್ಕಿಯಿಂದ ಕಿತ್ತರೆ ಕ್ಕಿ,
ಬಾಯಿಗೇ ಬಾರದ್ದು, ಬಡಿಸುವುದೆಲ್ಲಿ.
ಚೀಟಿ ಹಿಡಿದವನು ಆರಿದ ಒಲೆಯ ಮುಂದೆ ನಿಂತೇ ಇರುತ್ತಾನೆ.

"ಅಂಗಾರೆ ಆ ಗಿಡದ ಮನೇಲೂ ಒಲೆ ಉರೀಬಾರದಲ್ಲ?"

ಇಂಥ ಕೆಲವು ಗಿಡ ಅದನ್ನು ಒಳಗಿಡುವುದಿಲ್ಲ,
ಗೋಡೆಯಲ್ಲೇ ಬಚ್ಚಿಡುತ್ತವೆ, ಅಂದೆ.
ಹೇನು ಚುಚ್ಚಿಯೋ ಬೆರಳು ತೀಡಿಯೋ ಗೋಡೆ ಬಿರಿದಾಗ
ರೋಗದ ಬೆನ್ನಿಗೇ ಅದೂ ಒಳನುಗ್ಗಿ
ತನ್ನ ಮನೆಯ ಒಲೆಯನ್ನೇ ಆರಿಸುತ್ತದೆ.
ಆ ಒಂದು ಕೋಣೆ ಸಾಯುತ್ತದೆ. ಎಲೆ ಉಳಿಯುತ್ತದೆ.
ಹಾಗೆಂದು ಊಹೆ; ಆಣೆ ಇಡಲಾರೆ.

ಅವಳು ಒರಳು ತೊಳೆದಳು. ಎರಡು ಸಲ ತೊಳೆದಳು.
"ಕಲ್ಕುಣಿಕೇಲಿ ನನ್ ಟೀ ಅಂಗ್ಡಿ ಇತ್ತಲ್ಲ,
ಕರೋನಾದಾಗ ಪಕ್ಕದ ಗ್ಯಾರೇಜಿನ ಹುಡ್ಗನ್ಗೆ ಜರ ಅಂದ ದಿನ
ಪೊಲೀಸ್ನೋರು ಹೇಳೋಕ್ ಮುಂಚೆ ನಾನೇ ಸ್ಟವ್ ಆರ್ಸಿ ಬಾಗ್ಲು ಹಾಕ್ದೆ.
ದಿನಾ ಬರೋರಲ್ಲಿ ಒಬ್ರಿಗೂ ಹತ್ಲಿಲ್ಲ ಕಣವ್ವ.
ಅಂಗ್ಡಿ ಮಾತ್ರ ಮತ್ತೆ ಏಳ್ಲಿಲ್ಲ."

ಎಡ ೯೧, ಬಲ ೫.
ಶಾಯಿ ಒಣಗುವವರೆಗೆ ನೋಡುತ್ತ ಕೂತೆ.
ಪ್ಯಾಕೆಟ್ಟಿನಲ್ಲಿ ಇನ್ನೂ ಕೈ ಅದ್ದದ ಹಾಲಿತ್ತು.
ಟೀ ಇಡು ಅಂದೆ.
ಕೆನೆಯಿಲ್ಲದ ಹಾಲು, ನೀರುನೀರು ಆಗ್ತದೆ ಅಂತ ಗೊಣಗುತ್ತ
ಅವಳು ಬೆಂಕಿಪೊಟ್ಟಣ ಹುಡುಕಿದಳು.