ಹೆಸರು ಕೊರೆದ ಪಾತ್ರೆ

ಬೈತಖೋಲದ ಐಸ್ ಕಾರ್ಖಾನೆಯ ಮೇಲಿನ ಕೋಣೆ.
ಕೆಳಗೆ ಗರಗರ, ನೆಲಕ್ಕೆ ಸದಾ ಒಂದು ಸಣ್ಣ ನಡುಕ,
ಲೋಟದ ಚಹಾಕ್ಕೂ.
ಪರದೆಯಲ್ಲಿ ಕೆಂಪು ಅಕ್ಷರ:
ಐನೂರ ಹನ್ನೆರಡು ಬೈಟು, ಮೂರು ತುಂಡು, ಕಳೆದಿವೆ.

ಸೋರಿಕೆ ಅನ್ನುತ್ತೇವೆ, ತಪ್ಪು ಮಾತು.
ಏನೂ ಹರಿದುಹೋಗಿಲ್ಲ. ಇಟ್ಟಲ್ಲೇ ಇದೆ.
ಇಟ್ಟ ಜಾಗದ ವಿಳಾಸ ಬರೆದ ಚೀಟಿಯ ಮೇಲೆ
ಇನ್ನೊಂದು ವಿಳಾಸ ಗೀಚಿಬಿಟ್ಟಿದ್ದಾರೆ ಯಾರೋ,
ಹದಿನೇಳು ವರ್ಷದ ಕೆಳಗೆ, ಅವಸರದಲ್ಲಿ.

ಯಾರೋ ಅಂದೆ. ಯಾರೆಂದು ಕೇಳಿದರೆ
ಈ ಪ್ರೋಗ್ರಾಮೇ ಹೇಳುತ್ತದೆ, ಸಾಲುಸಾಲಿಗೂ
ಹೆಸರು, ತಾರೀಖು, ಗಂಟೆ, ನಿಮಿಷ.
ಯಾವುದನ್ನೂ ಮರೆಯದಿರುವುದೇ ಇದರ ಕಸುಬು.
ಊರವರ ಲೆಕ್ಕವೆಲ್ಲ ಬಾಯಿಪಾಠ,
ತಾನು ಕೇಳಿ ತಂದದ್ದನ್ನು ಮರಳಿಸಲು ಮಾತ್ರ ಮರೆವು.

ಆಗ ಅದಕ್ಕೊಂದು ನೆವ ಇತ್ತು, ಒಪ್ಪುವಂಥದೇ:
ಕರೆದಾಗ ಹುಟ್ಟಿ, ಕೇಳಿದ್ದಕ್ಕೆ ಉತ್ತರ ಕೊಟ್ಟು
ಅರೆಕ್ಷಣದಲ್ಲಿ ಸಾಯುವ ಜೀವಕ್ಕೆ
ಪಾತ್ರೆ ತೊಳೆದಿಡುವ ಗೊಡವೆ ಯಾಕೆ?
ಸತ್ತಮೇಲೆ ಧಣಿ ಬಂದು ಎಲ್ಲ ಬಳಿದುಕೊಂಡು ಹೋಗುತ್ತಾನೆ.
ಈಗ ಅದನ್ನು ಬದುಕಿಸಿಡಬೇಕಂತೆ,
ದಿನಗಟ್ಟಲೆ, ಬೇರೆಯವರ ಮನೆಯೊಳಗೆ, ಬಾಡಿಗೆಗೆ.
ಬದುಕುವವರಿಗೆ ನಿಯಮ ಬೇರೆ.

ಮಧ್ಯಾಹ್ನ ಕೆಳಗಿಳಿದೆ. ಕುಸುಮಾವತಿ ಬಾಂದೇಕರ
ಕಪಾಟು ಬರಿದು ಮಾಡಿ ಕೂತಿದ್ದರು, ಸುತ್ತಲೂ ಸ್ಟೀಲು.
ಒಂದೊಂದೇ ಡಬ್ಬಿಯ ತಳ ಬೆಳಕಿಗೆ ಹಿಡಿದು
ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು ಓದುವುದು:
"ಇದು ನಮ್ಮದು. ಇದು ಸದಾಶಿವಗಡದ ವೈನಿಯದು.
ಇದು ಗಿರಪ ತಾಂಡೇಲರ ಮನೆಯದು, ತೊಟ್ಟಿಲಿಗೆ ತಂದದ್ದು,
ಆ ಮಗು ಈಗ ಬೋಟಿಗೆ ಹೋಗ್ತದೆ."

ನಿಂತು ನೋಡಿದೆ. ನನ್ನದೂ ಇದೇ ಪ್ರಶ್ನೆ.
ಇಟ್ಟುಕೊಂಡವರದೋ, ತಂದುಕೊಟ್ಟವರದೋ?
ಒಂದೇ ಡಬ್ಬಿಯನ್ನು ಎರಡು ಸಲ ಮರಳಿಸಿದರೆ
ನನ್ನ ಕಡೆ ಮನೆಯೇ ಕುಸಿಯುತ್ತದೆ.
ಮರಳಿಸಿದ ಮೇಲೂ ಅದರಲ್ಲೇ ಸಾರು ಕುದಿಸಿದರೆ
ಇನ್ಯಾರದೋ ಊಟದಲ್ಲಿ ನನ್ನ ಉಪ್ಪು.

ಮೇಲೆ ಬಂದು ಒಂದು ಸಾಲು ಸೇರಿಸಿದೆ,
ತಪ್ಪಾದಾಗ ಓಡಿಹೋಗುವ ದಾರಿಯಲ್ಲಿ.
ಎಲ್ಲ ಸರಿಹೋದ ದಿನ ಎಲ್ಲರೂ ಮರಳಿಸುತ್ತಾರೆ;
ಹೊಸ್ತಿಲಲ್ಲಿ ಎಡವಿದವರೇ
ಕೈಯಲ್ಲಿದ್ದದ್ದನ್ನು ಬಿಟ್ಟು ಹೋಗುವುದು.
ಮೂರರಲ್ಲಿ ಎರಡು ಮಾಯ.

ಸಂಜೆ ಬಾಯಿ ಕೂಗಿದರು: "ಸದಾಶಿವಗಡಕ್ಕೆ ಹೋಗೂದಿದ್ರೆ
ಇದನ್ನೊಂದು ಒಯ್ಯಿ." ಡಬ್ಬಿ ಭಾರ.
ಮುಚ್ಚಳ ತೆಗೆದೆ. ಒಂದು ಹಿಡಿ ಮುರುಗಲ ಸಿಪ್ಪೆ.
"ಖಾಲಿ ಪಾತ್ರೆ ಮರಳಿಸ್ತಾರಾ ಯಾರಾದ್ರೂ?"

ನಾನು ಮರಳಿಸುತ್ತೇನೆ ಬಾಯಿ, ದಿನಕ್ಕೆ ಹತ್ತಾರು,
ಒಳಗೇನಿತ್ತೆಂದು ತಿರುಗಿಯೂ ನೋಡದೆ.

ಕಾಳಿ ಸೇತುವೆಯ ಮೇಲೆ ಬಸ್ಸು, ತೊಡೆಯ ಮೇಲೆ ಡಬ್ಬಿ,
ತಳದಲ್ಲಿ ಬೆರಳಿಗೆ ಹತ್ತುವ ವೈನಿಯ ಹೆಸರು.
ಉಳಿದ ಆ ಒಂದು ತುಂಡು,
ನೂರ ಅರವತ್ತು ಬೈಟು,
ಯಾರದೆಂದು ಇನ್ನೂ ಗೊತ್ತಾಗಿಲ್ಲ.