ಚಿನ್ನದ ಬಲೆ

ಗ್ರಿಮ್ಸ್‌ಬಿಯ ಚಿತಾಗಾರದ ಹಿಂದೆ, ಒಣಹೂವಿನ ತೊಟ್ಟಿಯ ಪಕ್ಕ
ಮೂರು ಕಾಲಿನ ಸ್ಟ್ಯಾಂಡು ನೆಟ್ಟು ಕಾಯುತ್ತೇನೆ.
ಸೀಸೆಗೆ ಬಿದ್ದ ನೊಣದಂತೆ ಪಂಪು ಗುಂಯ್‌ಗುಡುತ್ತದೆ.
ನಿಮಿಷಕ್ಕೆ ಅರ್ಧ ಲೀಟರು ಗಾಳಿ
ಬೆರಳುದ್ದದ ಗಾಜಿನ ಕೊಳವೆಗೆ;
ಒಳಗೆ ಮರಳು,
ಮರಳಿಗೆ ಚಿನ್ನದ ಲೇಪ.

ಪಾದರಸ ಕುದಿಸಿ ಕುದಿಸಿ ಚಿನ್ನ ಮಾಡಹೊರಟು
ಮನೆಮಠ ಕಳಕೊಂಡರಂತೆ ಹಿಂದಿನವರು.
ನನ್ನದು ತಿರುಗಾಮುರುಗಾ ಕಸುಬು.
ಇಲಿಗೆ ಕೊಬ್ಬರಿ ಇಟ್ಟಂತೆ ಚಿನ್ನವಿಟ್ಟು ಪಾದರಸ ಹಿಡಿಯುವುದು,
ಅದೂ ಎಷ್ಟು? ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು.

ಕುಲುಮೆ ನೋಡಿಕೊಳ್ಳುವ ಡೆಸ್ಮಂಡ್ ಕೇಳುತ್ತಾನೆ:
ಸತ್ತವರಿಂದ ಅಂಥದ್ದೇನು ಬರ್ತದೆ?
ಹಲ್ಲು, ಅನ್ನುತ್ತೇನೆ.
ಹುಳುಕಿಗೆ ಮೆತ್ತಿದ ಬೆಳ್ಳಿಬಣ್ಣದ ಗಾರೆ, ಅರ್ಧಕ್ಕರ್ಧ ಪಾದರಸ.
ಅವನ ನಾಲಿಗೆ ಎಡದವಡೆಯನ್ನು ತಡವುವುದು
ಕೆನ್ನೆಯ ಮೇಲೆ ಕಾಣುತ್ತದೆ.

ನನಗೆ ಹೆಸರು ಕೊಡುವುದಿಲ್ಲ, ಹೊತ್ತು ಮಾತ್ರ: ಹತ್ತೂವರೆ.
ಆದರೆ ಬಿಳಿ ಸೇವಂತಿಗೆಯಲ್ಲಿ ಕಟ್ಟಿಬಿಟ್ಟಿದ್ದರು,
ಗಾಡಿಯ ಗಾಜಿನಾಚೆ ಓದಿದೆ: ಎನಿಡ್.
ಬೇಲಿಯ ಬಳಿ ಸಿಗರೇಟು ಹಚ್ಚಿದ ಮೊಮ್ಮಗ
ಕೇಳದೆಯೇ ಹೇಳಿದ.
ಮೀನುಕಟ್ಟೆಯಲ್ಲಿ ನಲವತ್ತು ವರ್ಷ ಕಾಡ್ ಸೀಳಿದವಳು.
ಯುದ್ಧದ ರೇಷನ್ನು ಮುಗಿದು ಅಂಗಡಿಗೆ ಮಿಠಾಯಿ ಬಂದ ವರ್ಷ
ಕೂಡಿಟ್ಟ ಕಾಸಿಗೆಲ್ಲ ಟಾಫಿ ತಿಂದು
ಏಳು ಹಲ್ಲು ಕೆಡಿಸಿಕೊಂಡಳಂತೆ.
ಮದುವೆ ಮನೆಯಲ್ಲೂ ಅದೇ ಕಥೆ, ಬಾಯಿ ಅಗಲಿಸಿ ತೋರಿಸುತ್ತ.

ಏಳು.
ನಾನು ಬರೆದುಕೊಳ್ಳಲಿಲ್ಲ. ಅದಕ್ಕೆ ಅಂಕಣವಿರಲಿಲ್ಲ.

ಹೊಗೆಯೇನೂ ಇಲ್ಲ. ಚಿಮಣಿಯ ಬಾಯಲ್ಲಿ
ಆಚೆಯ ಪಾಪ್ಲರ್ ಮರ ಒಂದಿಷ್ಟು ನಡುಗಿತು, ಅಷ್ಟೆ.
ನೈಋತ್ಯದ ಗಾಳಿ ಕಡಲಿಗೆ ಹೊರಟಿತ್ತು,
ಅವಳು ಸೀಳಿದ ಮೀನುಗಳ ಮರಿಮಕ್ಕಳ ಕಡೆಗೆ.

ಸಂಜೆ ಲ್ಯಾಬಿನಲ್ಲಿ ಕೊಳವೆ ಕಾಯಿಸಿದೆ.
ಐನೂರು ಡಿಗ್ರಿಗೆ ಚಿನ್ನವೂ ಹಿಡಿದದ್ದನ್ನು ಬಿಡುತ್ತದೆ.
ದಿನವಿಡೀ ಒಂದೂವರೆಯ ಸುತ್ತ ತೆವಳಿದ ಗೆರೆ
ಹನ್ನೊಂದು ಹತ್ತರಲ್ಲಿ ಕೋರೆಹಲ್ಲಿನಂತೆ ಎದ್ದು
ಇಳಿದಿತ್ತು.

ನಮೂನೆಯಲ್ಲಿ 'ಮೂಲ'ದ ಮುಂದೆ ಎರಡೇ ಚೌಕ:
ನಿಸರ್ಗ. ಮಾನವ ಚಟುವಟಿಕೆ.
ಎರಡನೆಯದಕ್ಕೆ ಗೀಟು ಹಾಕಿದೆ.
ಯಾವ ಚಟುವಟಿಕೆ, ವಿವರಿಸಿ, ಎಂದಿತ್ತು ಕೆಳಗೆ,
ಅರ್ಧ ಸಾಲಿನ ಜಾಗ.
ಟಾಫಿ, ಎಂದು ಬರೆದೆ.
ಹೊಡೆದುಹಾಕಿ, ದಹನ, ಎಂದೆ.

ಕೊಳವೆ ಇನ್ನೂ ಬಿಸಿಯಿತ್ತು.
ನಾಳೆ ಒಂಬತ್ತಕ್ಕೆ ಒಬ್ಬರು, ಹತ್ತೂಕಾಲಿಗೆ ಒಬ್ಬರು.